ಕಾಲು ಮೈಲಿಯ ಓಟ, ಒಂದು ಕ್ಷಣದ ಪಾಠ

ಹತ್ತನೆಯ ತರಗತಿಗೆ ದಹನಕ್ರಿಯೆಯ ಪಾಠ ಮಾಡುತ್ತಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. ‘ಸಾರ್, ಸಿನಿಮಾದಲ್ಲಿ ಗುಂಡಿ ಒತ್ತಿದ ಕೂಡಲೇ ಕಾರು ಬಾಣದ ಹಾಗೆ ನುಗ್ಗುತ್ತದಲ್ಲ, ಆ ಸಿಲಿಂಡರಿನಲ್ಲಿ ಏನಿರುತ್ತೆ?’ ತರಗತಿ ಗೊಳ್ಳೆಂದು ನಕ್ಕಿತು. ನಾನು ನಗಲಿಲ್ಲ. ಪ್ರಶ್ನೆ ಅಂದಿನ ಪಾಠದ್ದೇ ಆಗಿತ್ತು!

ಅವನು ನೋಡಿದ್ದು 2001ರಲ್ಲಿ ತೆರೆಕಂಡ ‘ದಿ ಫಾಸ್ಟ್ ಅಂಡ್ ದಿ ಫ್ಯೂರಿಯಸ್’ ಚಿತ್ರ. ನ್ಯೂಯಾರ್ಕಿನ ಬೀದಿ ರೇಸುಗಾರರನ್ನು ಕುರಿತು 1998ರಲ್ಲಿ ‘ವೈಬ್’ ಪತ್ರಿಕೆ ಪ್ರಕಟಿಸಿದ ಲೇಖನವೇ ಅದಕ್ಕೆ ಪ್ರೇರಣೆ. ಆದರೆ ಚಿತ್ರದ ಕಥೆ ನಡೆಯುವುದು ಲಾಸ್ ಏಂಜಲೀಸಿನಲ್ಲಿ. ಅದಕ್ಕೆ ಕಾರಣವೂ ಇದೆ. 1973ರ ತೈಲ ಬಿಕ್ಕಟ್ಟಿನ ನಂತರ ಕಡಿಮೆ ಪೆಟ್ರೋಲ್ ಕುಡಿಯುವ ಜಪಾನಿನ ಪುಟ್ಟ ಕಾರುಗಳು ಅಮೆರಿಕದಲ್ಲಿ ಮನೆಮಾತಾದವು. 1980 ಮತ್ತು 90ರ ದಶಕಗಳಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದ ಯುವಕರು, ಅವರಲ್ಲೂ ಏಷ್ಯಾ ಮೂಲದ ಕುಟುಂಬಗಳ ಹುಡುಗರು, ಹಳೆಯ ಹೋಂಡಾ ಸಿವಿಕ್‌ಗಳನ್ನು ಬಿಚ್ಚಿ ಜೋಡಿಸತೊಡಗಿದರು. ಹಗುರವಾದ ಕಾರು, ಸುಲಭ ಬೆಲೆ. ಇದರಲ್ಲೇ ದೊಡ್ಡ ಎಂಜಿನ್ನಿನ ಅಮೆರಿಕನ್ ಕಾರನ್ನು ಸೋಲಿಸಬೇಕೆಂಬ ಛಲ.

ಗೆಲ್ಲುವುದು ಹೇಗೆ? ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಪೆಟ್ರೋಲ್ ಹೆಚ್ಚು ಸುರಿಯುವುದು ಸುಲಭ. ಗಾಳಿ ತುಂಬುವುದೇ ಕಷ್ಟ. ಇದಕ್ಕೆ ಒಂದು ಉಪಾಯ ಟರ್ಬೋಚಾರ್ಜರ್. ಹೊರಹೋಗುವ ಹೊಗೆಯ ರಭಸದಿಂದ ಚಕ್ರವೊಂದನ್ನು ತಿರುಗಿಸಿ, ಅದರಿಂದಲೇ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುವುದು. ಸ್ವಿಸ್ ಎಂಜಿನಿಯರ್ ಆಲ್ಫ್ರೆಡ್ ಬ್ಯೂಕಿ 1905ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದ.

ಇನ್ನೊಂದು ಉಪಾಯವೇ ಆ ಸಿಲಿಂಡರ್. ಅದರಲ್ಲಿರುವುದು ನೈಟ್ರಸ್ ಆಕ್ಸೈಡ್, ನಾವು ಪಾಠದಲ್ಲಿ ಓದುವ ನಗೆ ಅನಿಲ! ತೂಕದ ಲೆಕ್ಕದಲ್ಲಿ ಗಾಳಿಯಲ್ಲಿ ಆಕ್ಸಿಜನ್ ಶೇ. 23ರಷ್ಟಿದ್ದರೆ ಇದರಲ್ಲಿ ಶೇ. 36ರಷ್ಟಿದೆ. ಎಂಜಿನ್ನಿನ ಬಿಸಿಗೆ ಇದು ಒಡೆದು ಆಕ್ಸಿಜನ್ ಬಿಟ್ಟುಕೊಡುತ್ತದೆ. ಜೊತೆಗೆ ಹೆಚ್ಚು ಪೆಟ್ರೋಲನ್ನೂ ಕೊಟ್ಟರೆ ಶಕ್ತಿ ಒಮ್ಮೆಲೇ ಏರುತ್ತದೆ. ಲೆಕ್ಕ ತಪ್ಪಿದರೆ ಪಿಸ್ಟನ್ನೇ ಕರಗೀತು.

ಈ ಬುದ್ಧಿವಂತಿಕೆಯನ್ನು ಮೆಚ್ಚಲೇಬೇಕು. ತೊಡಕಿರುವುದು ಕಾರಿನಲ್ಲಲ್ಲ, ಓಡಿಸುವ ಜಾಗದಲ್ಲಿ. ಬೀದಿಯ ರೇಸನ್ನು ಮೈದಾನಕ್ಕೆ ತರಬೇಕೆಂದೇ ವಾಲಿ ಪಾರ್ಕ್ಸ್ 1951ರಲ್ಲಿ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಕಟ್ಟಿದರು. ಕಾಲು ಮೈಲಿ, ಅಂದರೆ 402 ಮೀಟರಿನ ನೇರ ಪಟ್ಟಿ. ಹೆಲ್ಮೆಟ್, ತಪಾಸಣೆ, ಆಂಬುಲೆನ್ಸ್. ಮುಂದೆ ಆಮದು ಕಾರುಗಳಿಗೂ ಅಂಥ ಪಟ್ಟಿಗಳಲ್ಲಿ ಪ್ರತ್ಯೇಕ ಸ್ಪರ್ಧೆಗಳು ನಡೆದವು.

ಬೀದಿ ಏಕೆ ಬೇಡ? ವಿದ್ಯಾರ್ಥಿಗಳು ಲೆಕ್ಕ ಮಾಡಿ ನೋಡಬಹುದು. ಅಡ್ಡ ಬಂದ ಮಗುವನ್ನು ಕಂಡು ಕಾಲು ಬ್ರೇಕಿಗೆ ಹೋಗಲು ಒಂದು ಸೆಕೆಂಡ್ ಎಂದಿಟ್ಟುಕೊಳ್ಳೋಣ. ಒಣ ರಸ್ತೆ, ಒಳ್ಳೆಯ ಬ್ರೇಕು. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿದ್ದರೆ ಕಾರು ಸುಮಾರು 28 ಮೀಟರಿನಲ್ಲಿ ನಿಲ್ಲುತ್ತದೆ. 100ರಲ್ಲಿ ಸುಮಾರು 83 ಮೀಟರ್. 150ರಲ್ಲಿ 166 ಮೀಟರ್! ವೇಗ ಎರಡರಷ್ಟಾದರೆ ಚಲನಶಕ್ತಿ ನಾಲ್ಕರಷ್ಟಾಗುತ್ತದೆ. ಟರ್ಬೋ ಹಾಕಿಸಿದವನಿಗೂ ಈ ನಿಯಮದಿಂದ ವಿನಾಯಿತಿ ಇಲ್ಲ.

ಆ ಚಿತ್ರದ ನಾಯಕನಟ ಪಾಲ್ ವಾಕರ್ 2013ರ ನವೆಂಬರ್ 30ರಂದು ಕ್ಯಾಲಿಫೋರ್ನಿಯಾದಲ್ಲಿ ತೀರಿಕೊಂಡರು. ಕಾರು ಓಡಿಸುತ್ತಿದ್ದವರು ಬೇರೆಯವರು. ಅದು ರೇಸ್ ಕೂಡ ಆಗಿರಲಿಲ್ಲ. ಗಂಟೆಗೆ 72 ಕಿಲೋಮೀಟರ್ ಮಿತಿಯ ರಸ್ತೆಯಲ್ಲಿ ಕಾರಿನ ವೇಗ ಸುಮಾರು 130ರಿಂದ 150 ಇತ್ತೆಂದು ತನಿಖೆ ಹೇಳಿತು. ಓಡಿಸುತ್ತಿದ್ದವರೂ ಉಳಿಯಲಿಲ್ಲ.

ಪೋಷಕರು ಒಂದು ಮಾತು ತಿಳಿದಿರಬೇಕು. 2019ರ ತಿದ್ದುಪಡಿಯ ನಂತರ, ನಮ್ಮಲ್ಲಿ ರಸ್ತೆಯ ಮೇಲೆ ರೇಸ್ ನಡೆಸಿದರೆ ಮೊದಲ ಸಲಕ್ಕೆ 5,000 ರೂಪಾಯಿವರೆಗೆ ದಂಡ, ಜೈಲೂ ಆಗಬಹುದು. 18 ತುಂಬದ ಮಕ್ಕಳು ವಾಹನ ಓಡಿಸಿ ಅಪರಾಧ ಮಾಡಿದರೆ ಹೊಣೆ ಪೋಷಕರ ಮೇಲೂ ಬೀಳುತ್ತದೆ: 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು.

ಹಾಗೆಂದು ಮಗನ ಕೈಯಿಂದ ಸ್ಪ್ಯಾನರ್ ಕಿತ್ತುಕೊಳ್ಳಬೇಡಿ. ಎಂಜಿನಿಯರಿಂಗ್ ವಿದ್ಯಾರ್ಥಿಗಳು ತಾವೇ ವಾಹನ ಕಟ್ಟಿ ಸ್ಪರ್ಧಿಸುವ ‘ಬಾಹಾ ಎಸ್‌ಎಇ ಇಂಡಿಯಾ’ದಂಥ ಕೂಟಗಳು ನಮ್ಮ ದೇಶದಲ್ಲೇ ಇವೆ ಎಂದು ಹೇಳಿ.

ನನ್ನ ಹುಡುಗನಿಗೂ ಅದನ್ನೇ ಹೇಳಿದೆ. ಬೋರ್ಡಿನ ಮೇಲೆ ನಿಲುಗಡೆಯ ದೂರದ ಲೆಕ್ಕ ಬರೆದು, ಶಾಲೆಯ ಗೇಟಿನಿಂದ 166 ಮೀಟರ್ ಹೆಜ್ಜೆ ಹಾಕಿ ನೋಡಲು ಕಳಿಸಿದೆ. ಹಿಂದಿರುಗಿ ಬಂದವನು ಮೆಲ್ಲಗೆ ಹೇಳಿದ: ‘ಸಾರ್, ಬಸ್ ಸ್ಟಾಪೂ ದಾಟಿ ಹೋಗುತ್ತೆ.’