ಊಟ–ವಸತಿಗೆ ದುಡಿತ: ಅಲ್ಲಿ ‘ವಾಲಂಟಿಯರ್’, ಇಲ್ಲಿ ಏನು?

‘ಫ್ರಾನ್ಸಿನ ಹಳ್ಳಿಯಲ್ಲಿ ಎರಡು ತಿಂಗಳು ಪುಕ್ಕಟೆ ಇರಿ, ದಿನಕ್ಕೆ ನಾಲ್ಕೈದು ಗಂಟೆ ತೋಟದ ಕೆಲಸ ಮಾಡಿದ್ರೆ ಸಾಕು’ ಅನ್ನೋ ರೀಲುಗಳನ್ನ ಕೊಟ್ಟೂರು, ಕೂಡ್ಲಿಗಿ ಕಡೆಯ ಡಿಗ್ರಿ ಮುಗಿಸಿದ ಹುಡುಗ–ಹುಡುಗಿಯರು ನನಗೆ ಕಳಿಸ್ತಾರೆ. ಜೊತೆಗೊಂದು ಪ್ರಶ್ನೆ: ‘ಇದು ನಿಜಾನಾ ಅಣ್ಣಾ?’ ನಿಜ. ಆ ‘ಪುಕ್ಕಟೆ’ ಅನ್ನೋ ಪದ ಒಂದನ್ನು ಬಿಟ್ಟು.

ಈ ಪದ್ಧತಿಗೆ ಐವತ್ತು ವರ್ಷ ದಾಟಿದೆ. 1971ರಲ್ಲಿ ಲಂಡನ್ನಿನಲ್ಲಿ ಸೆಕ್ರೆಟರಿ ಕೆಲಸದಲ್ಲಿದ್ದ ಸ್ಯೂ ಕೊಪ್ಪಾರ್ಡ್ ಎಂಬಾಕೆ, ನಗರದ ಜನ ವಾರದ ಕೊನೆಗೆ ಸಾವಯವ ತೋಟಗಳಿಗೆ ಹೋಗಿ ಕೆಲಸ ಮಾಡಿ, ಅಲ್ಲೇ ಉಂಡು ಮಲಗುವ ಏರ್ಪಾಡು ಶುರು ಮಾಡಿದರು. ಅದೇ ಬೆಳೆದು ‘ವೂಫ್’ ಆಯ್ತು. ವೂಫ್ ಫ್ರಾನ್ಸ್ ಇದೆ, ವೂಫ್ ಇಂಡಿಯಾನೂ ಇದೆ. ಸದಸ್ಯತ್ವಕ್ಕೆ ದುಡ್ಡು ಕಟ್ಟಿದರೆ ರೈತರ ಪಟ್ಟಿ ಸಿಗುತ್ತೆ, ಮುಂದಿನದು ನೀವು ಮತ್ತು ಆ ಮನೆಯವರ ಮಾತುಕತೆ. ಆಮೇಲೆ ಬಂದ ವರ್ಕ್‌ಅವೇಯಂಥ ತಾಣಗಳಲ್ಲಿ ತೋಟದ ಜೊತೆ ಹಳೇ ಮನೆ ರಿಪೇರಿ, ಮಕ್ಕಳನ್ನು ನೋಡಿಕೊಳ್ಳೋದು, ಹಾಸ್ಟೆಲ್ ಕೆಲಸ ಎಲ್ಲ ಸೇರಿಕೊಂಡಿವೆ.

ಈಗ ವೀಸಾ. ಜಪಾನ್, ಆಸ್ಟ್ರೇಲಿಯಾ, ಬ್ರೆಜಿಲ್, ಅರ್ಜೆಂಟೀನಾದ ಯುವಜನರಿಗೆ ಫ್ರಾನ್ಸ್ ‘ರಜೆ–ಕೆಲಸ’ದ ಪ್ರತ್ಯೇಕ ವೀಸಾ ಕೊಡುತ್ತೆ. ಅದಿದ್ದವರು ತಿರುಗಾಡುತ್ತಾ ಕಾನೂನುಬದ್ಧವಾಗಿ ದುಡಿಯಬಹುದು. ಆ ದೇಶಗಳ ಪಟ್ಟಿಯಲ್ಲಿ ಭಾರತ ಇಲ್ಲ. ನಮಗಿರೋದು 180 ದಿನಗಳಲ್ಲಿ 90 ದಿನ ಮೀರದ ಶೆಂಗೆನ್ ವೀಸಾ. ಅದರ ಶುಲ್ಕ 2024ರ ಜೂನ್‌ನಿಂದ 90 ಯೂರೋ. ಜೊತೆಗೆ ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಬೇಕು. ಮನೆಯಲ್ಲಿ ಉಳಿಸಿಕೊಳ್ಳುವವರು ತಮ್ಮೂರಿನ ಮೇಯರ್ ಕಚೇರಿಯಿಂದ ಆತಿಥ್ಯ ಪತ್ರ ಮಾಡಿಸಿ ಕಳಿಸಬೇಕು. ಆ ಪತ್ರ ಇದ್ದರೂ ದಿನಕ್ಕೆ 32.50 ಯೂರೋ ಖರ್ಚು ಮಾಡುವ ತಾಕತ್ತು ನಿಮಗಿದೆ ಅಂತ ಬ್ಯಾಂಕ್ ದಾಖಲೆ ತೋರಿಸಬೇಕು.

ಅರವತ್ತು ದಿನಕ್ಕೆ 1,950 ಯೂರೋ. ಯೂರೋಗೆ ನೂರು ರೂಪಾಯಿ ಅಂತ ಹಿಡಿದರೂ ಒಂದು ಲಕ್ಷ ತೊಂಬತ್ತೈದು ಸಾವಿರ. ವಿಮಾನದ ಟಿಕೆಟ್ ಬೇರೆ. ಕರ್ನಾಟಕದಲ್ಲಿ 2025–26ರ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ. ಹರಪನಹಳ್ಳಿಯ ತಾಂಡಾದ ಹುಡುಗಿಯೊಬ್ಬಳು ಫ್ರಾನ್ಸಿನಲ್ಲಿ ‘ಪುಕ್ಕಟೆ’ ಇರಬೇಕಾದರೆ ಮೊದಲು 527 ದಿನದ ಕೂಲಿ ಖಾತೆಯಲ್ಲಿ ಕೂಡಿಟ್ಟು ತೋರಿಸಬೇಕು! ಇದಕ್ಕೆ ಉಲ್ಟಾ, ಫ್ರಾನ್ಸಿನವರು ಭಾರತದ ಇ-ವೀಸಾದಲ್ಲಿ ಬಂದು ಒಂದು ತಿಂಗಳವರೆಗೆ ಸಂಬಳವಿಲ್ಲದ ಸ್ವಯಂಸೇವೆ ಮಾಡಲು ನಮ್ಮ ಸರ್ಕಾರದ ಅನುಮತಿ ಇದೆ.

ಇನ್ನೊಂದು ತೊಡಕೂ ಇದೆ. ಲಾಭಕ್ಕಾಗಿ ನಡೆಯುವ ಉದ್ಯಮದಲ್ಲಿ ಯಜಮಾನನ ಅಪ್ಪಣೆಯಂತೆ, ಹೇಳಿದ ಹೊತ್ತಿಗೆ ದುಡಿದರೆ ಫ್ರಾನ್ಸಿನ ಕಾನೂನು ಅದನ್ನು ಸ್ವಯಂಸೇವೆ ಅನ್ನಲ್ಲ, ಮುಚ್ಚಿಟ್ಟ ಕೆಲಸ ಅನ್ನುತ್ತೆ. ಅಲ್ಲಿ ಕನಿಷ್ಠ ವೇತನವೇ ಗಂಟೆಗೆ 11 ಯೂರೋಗಿಂತ ಹೆಚ್ಚು. ವಾರಕ್ಕೆ 25 ಗಂಟೆ ದುಡಿದರೆ 275 ಯೂರೋ ದಾಟುತ್ತೆ. ಒಂದು ಕೋಣೆ, ಮೂರು ಹೊತ್ತು ಊಟ ಅದಕ್ಕೆ ಸಮ ಆಗುತ್ತಾ, ನೀವೇ ಲೆಕ್ಕ ಹಾಕಿ. ಕಲಿಯೋದು, ಭಾಷೆ, ಸ್ನೇಹ ಇವಕ್ಕೂ ಬೆಲೆ ಇದೆ, ಒಪ್ಪುತ್ತೇನೆ. ಆದ್ರೆ ಹೋಟೆಲಿನ ರೂಮು ಗುಡಿಸೋದರಲ್ಲಿ ಎಂಥ ಸಾವಯವ ಕೃಷಿ ಕಲಿಯೋದು?

ಅದೇ ಫ್ರಾನ್ಸಿನ ಹಳ್ಳಿಗಾಡಿನ ಇನ್ನೊಂದು ಮುಖ 2023ರ ಸೆಪ್ಟೆಂಬರಿನಲ್ಲಿ ಹೊರಬಿತ್ತು. ಶಾಂಪೇನ್ ಪ್ರದೇಶದ ದ್ರಾಕ್ಷಿ ಕೊಯ್ಲಿಗೆ ಕರೆತಂದಿದ್ದ ಐವತ್ತಕ್ಕೂ ಹೆಚ್ಚು ಕೂಲಿಕಾರರನ್ನು, ಬಹುತೇಕ ಪಶ್ಚಿಮ ಆಫ್ರಿಕಾದವರನ್ನು, ಹೊಲಸು ಮನೆಯೊಂದರಲ್ಲಿ ತುಂಬಿದ್ದರು. 2025ರ ಜುಲೈನಲ್ಲಿ ಅಲ್ಲಿನ ಕೋರ್ಟು ಇದು ಮಾನವ ಕಳ್ಳಸಾಗಣೆ ಅಂತ ತೀರ್ಪು ಕೊಟ್ಟು ಮೂವರಿಗೆ ಶಿಕ್ಷೆ ವಿಧಿಸಿತು. ಕಾಗದಪತ್ರ ಇಲ್ಲದವರು, ಬಿಟ್ಟು ಹೋಗಲು ದಾರಿ ಇಲ್ಲದವರು ಅವರು. ಹೊಲ, ಬಿಸಿಲು, ಕೆಲಸ ಮಾತ್ರ ರೀಲಿನಲ್ಲಿ ಕಾಣೋವೇ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ನಮಗೆ ಈ ವ್ಯತ್ಯಾಸವನ್ನ ಯಾರೂ ಬಿಡಿಸಿ ಹೇಳಬೇಕಿಲ್ಲ. ನಮ್ಮಲ್ಲಿ ಎರಡು ಪದ್ಧತಿ ಇದ್ದವು. ಒಂದು ಮುಯ್ಯಾಳು: ಇವತ್ತು ನಿಮ್ಮ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀವು. ದುಡ್ಡಿನ ಮಾತೇ ಇಲ್ಲ, ಆದರೆ ಸಾಲ ತೀರಲೇಬೇಕು. ಇನ್ನೊಂದು ಜೀತ: ಉಣ್ಣಾಕ ಹಾಕಿ, ದನದ ಕೊಟ್ಟಿಗೆಯಲ್ಲಿ ಮಲಗಿಸಿ ವರ್ಷಗಟ್ಟಲೆ ದುಡಿಸಿಕೊಳ್ಳೋದು. ಅಲ್ಲೂ ಊಟ–ವಸತಿಗೇ ಕೆಲಸ. ಮುಯ್ಯಾಳಿಗೆ ಸ್ವಂತ ಹೊಲ ಇತ್ತು, ಜೀತದಾಳಿಗೆ ಇರಲಿಲ್ಲ. ಅವನು ಯಾವ ಜಾತಿಯವನಾಗಿರುತ್ತಿದ್ದ ಅನ್ನೋದು ಎಲ್ಲರಿಗೂ ಗೊತ್ತು. ಜೀತವನ್ನು ಕಾನೂನು ರದ್ದು ಮಾಡಿದ್ದು 1976ರಲ್ಲಿ.

ಇವತ್ತಿಗೂ ಮಳೆ ಕೈಕೊಟ್ಟ ವರ್ಷ ಈ ತಾಲ್ಲೂಕುಗಳ ಜನ ಗುಳೆ ಹೊರಡ್ತಾರೆ: ಬೆಂಗಳೂರಿನ ಕಟ್ಟಡ ಕೆಲಸಕ್ಕೆ, ಮಲೆನಾಡಿನ ಕಾಫಿ ತೋಟಕ್ಕೆ, ಮಂಡ್ಯದ ಕಬ್ಬು ಕಡಿಯಾಕ. ಅವರಿಗೂ ಕೆಲಸದ ಜಾಗದಲ್ಲೇ ಶೆಡ್ಡು, ಲೈನ್ ಮನೆ. ಅದನ್ನ ಯಾರೂ ‘ಗ್ರಾಮೀಣ ಅನುಭವ’ ಅನ್ನಲ್ಲ. ಹಡಗಲಿ ಮಲ್ಲಿಗೆಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ನಸುಕಿನಲ್ಲಿ ಮೊಗ್ಗು ಬಿಡಿಸುವ ಹೆಣ್ಣುಮಗಳ ರೀಲು ನಾನಂತೂ ನೋಡಿಲ್ಲ.

ಹಾಗಂತ ಹೋಗಬೇಡಿ ಅಂತ ಹೇಳ್ತಿಲ್ಲ. ಒಣಬೇಸಾಯದ ಮನೆಯಿಂದ ಬಂದವರು ಬೇರೆ ದೇಶದ ಸಣ್ಣ ರೈತ ಹೇಗೆ ಬದುಕ್ತಾನೆ ಅಂತ ನೋಡಲೇಬೇಕು, ಉಳ್ಳವರ ಮಕ್ಕಳಷ್ಟೇ ಯಾಕೆ ನೋಡಬೇಕು? ಮೊದಲು ವೂಫ್ ಇಂಡಿಯಾದಲ್ಲಿ ಎಲ್ಲಾದರೂ ಹದಿನೈದು ದಿನ ಇದ್ದು ಬನ್ನಿ, ಖರ್ಚು ಸದಸ್ಯತ್ವದ ದುಡ್ಡು, ಬಸ್ ಚಾರ್ಜು ಅಷ್ಟೇ. ಫ್ರಾನ್ಸಿಗೆ ಅರ್ಜಿ ಹಾಕುವಾಗ ದಿನಕ್ಕೆ ಎಷ್ಟು ಗಂಟೆ, ವಾರಕ್ಕೆ ಎಷ್ಟು ರಜೆ, ಕೋಣೆಗೆ ಚಿಲಕ ಇದೆಯಾ, ಮನೆಯವರೂ ಜೊತೆಗೆ ದುಡೀತಾರಾ ಅಂತ ಬರಹದಲ್ಲೇ ಕೇಳಿ. ಅಲ್ಲಿಗೆ ಹಿಂದೆ ಹೋಗಿ ಬಂದವರ ಜೊತೆ, ಅದರಲ್ಲೂ ಬಿಳಿಯರಲ್ಲದವರ ಜೊತೆ ಮಾತಾಡಿ. ವೀಸಾ ಅರ್ಜಿಯಲ್ಲಿ ಹೋಗುವ ಉದ್ದೇಶವನ್ನು ಮುಚ್ಚಿಡಬೇಡಿ. ಪಾಸ್‌ಪೋರ್ಟನ್ನು ಯಾರ ಕೈಗೂ ಕೊಡಬೇಡಿ. ವಾಪಸ್ ಬರುವ ಟಿಕೆಟ್ಟಿನ ದುಡ್ಡು ಮೊದಲ ದಿನದಿಂದಲೇ ನಿಮ್ಮ ಖಾತೆಯಲ್ಲಿರಲಿ.