ಹದಿನೈದರ ಹುಡುಗಿ, ಬೆಂಗಳೂರಿನ ಬಿದ್ದು, ಒಂದು ಡಿಸ್ಕೋ ಪ್ಲೇಟು!

'ಕುರ್ಬಾನಿ' ನೋಡಿದವರಿಗೆ ಜೀನತ್ ಅಮಾನ್ ನೆನಪಿರುತ್ತಾಳೆ. ಇರಲೇಬೇಕು ಬಿಡಿ! ಆದರೆ 'ಆಪ್ ಜೈಸಾ ಕೋಯಿ'ಗೆ ಜೀನತ್ ಬಳುಕಿದಾಗ ಕೇಳಿಸಿದ ಆ ಗಂಟಲು ಯಾರದು? ಕರಾಚಿಯಲ್ಲಿ ಹುಟ್ಟಿ, ಲಂಡನ್ನಿನಲ್ಲಿ ಬೆಳೆದ ಸ್ಕೂಲ್ ಹುಡುಗಿ ನಾಜಿಯಾ ಹಸನ್‌ಳದು. 1980ರಲ್ಲಿ ಚಿತ್ರ ತೆರೆಕಂಡಾಗ ಆಕೆಗೆ ಬರೀ 15 ವರ್ಷ. ಲತಾ, ಆಶಾ ಕಟ್ಟಿದ್ದ ಕೋಟೆಯೊಳಗೆ ನುಗ್ಗಿ ಫಿಲಂಫೇರ್ ಪ್ರಶಸ್ತಿಯನ್ನೇ ಎತ್ತಿಕೊಂಡು ಹೋದಳು!

ಇದರ ಹಿಂದೆ ಇಬ್ಬರು ಬೆಂಗಳೂರಿಗರು. ಒಬ್ಬ ಫಿರೋಜ್ ಖಾನ್. ಇನ್ನೊಬ್ಬ ನಮ್ಮ ಕೊಡವರ ಹುಡುಗ ಬಿದ್ದು ಅಪ್ಪಯ್ಯ. ಹೆಸರು ಬಿದ್ದು, ಆದರೆ ಆಸಾಮಿ ಎದ್ದವನೇ! ಬೆಂಗಳೂರಿನಲ್ಲಿ 'ಟ್ರೋಜನ್ಸ್' ತಂಡ ಕಟ್ಟಿ ಗಿಟಾರ್ ಬಾರಿಸುತ್ತಿದ್ದವ, 60ರ ದಶಕದಲ್ಲಿ ಲಂಡನ್ನಿಗೆ ಹಾರಿದ. 1974ರಲ್ಲಿ ಕಾರ್ಲ್ ಡಗ್ಲಸ್‌ನಿಂದ 'ಕುಂಗ್ ಫು ಫೈಟಿಂಗ್' ಹಾಡಿಸಿದ. ಪ್ಲೇಟಿನ ಹಿಂಬದಿ ತುಂಬಿಸಲೆಂದು ಮಾಡಿದ ಹಾಡು ಅದು. ಇಂಗ್ಲೆಂಡ್, ಅಮೆರಿಕ ಎರಡು ಕಡೆಯೂ ನಂಬರ್ ಒನ್ ಆಯ್ತು!

ಆಮೇಲೆ 1981ರಲ್ಲಿ ಬಂತು ನೋಡಿ, ನಾಜಿಯಾಳ ಮೊದಲ ಆಲ್ಬಂ 'ಡಿಸ್ಕೋ ದೀವಾನೆ'. ತಮ್ಮ ಜೊಹೇಬ್ ಕೂಡ ದನಿಗೂಡಿಸಿದ್ದಾನೆ. ಸಾಹಸ ಎಲ್ಲಿದೆ ಅಂದರೆ, ಇದಕ್ಕೆ ಹೀರೋ ಇಲ್ಲ, ಹೀರೋಯಿನ್ ಇಲ್ಲ, ಸಿನಿಮಾನೇ ಇಲ್ಲ! ಗಜಲ್, ಭಜನೆ ಬಿಟ್ಟರೆ ಆಗ ಹಿಂದಿ ಪ್ಲೇಟು ಅಂದರೆ ಸಿನಿಮಾ ಹಾಡು ಎಂದೇ ಲೆಕ್ಕ. (ನಮ್ಮಲ್ಲಿ 1978ಕ್ಕೇ 'ನಿತ್ಯೋತ್ಸವ' ಕ್ಯಾಸೆಟ್ ಬಂದಿತ್ತು ಅನ್ನಿ, ಅದರ ದಾರಿಯೇ ಬೇರೆ.) ಪೋಸ್ಟರಿನಲ್ಲಿ ಸ್ಟಾರ್ ಇಲ್ಲದ ಪಾಪ್ ಹಾಡನ್ನು ದುಡ್ಡು ಕೊಟ್ಟು ಯಾರು ಕೊಳ್ಳುತ್ತಾರೆ? ಕೊಂಡರು! ಗಡಿಯ ಆಚೆಯೂ ಕೊಂಡರು, ಈಚೆಯೂ ಕೊಂಡರು.

ಸಂಗೀತ ಬಲ್ಲವರು ಮೂಗು ಮುರಿಯಬಹುದು. ಗಮಕ ಇಲ್ಲ, ಆಲಾಪ ಇಲ್ಲ, ಮೂಗಿನಲ್ಲೇ ಹಾಡ್ತಾಳೆ ಅನ್ನಬಹುದು. ನಾನು ಒಪ್ಪೋದಿಲ್ಲ. ಸಿಂಥಸೈಸರ್ ಗುಂಯ್‌ಗುಡುತ್ತಿರುವಾಗ, ಡ್ರಮ್ಮು ಒಂದೇ ಸಮ ಬಡಿಯುತ್ತಿರುವಾಗ ಪಳಗಿದ ದನಿ ಹಾಕಿದರೆ ಎರಡೂ ಜಗಳಕ್ಕೆ ಬೀಳುತ್ತವೆ. ನಾಜಿಯಾ ಪಕ್ಕದ ಮನೆ ಹುಡುಗಿ ಗುನುಗಿದ ಹಾಗೆ ತಣ್ಣಗೆ ಹಾಡುತ್ತಾಳೆ. ಅದಕ್ಕೇ ಆ ದನಿ ಯಂತ್ರದ ಮೇಲೆ ತೇಲುತ್ತದೆ. ಹಾಗಂತ ಎಲ್ಲ ಹಾಡೂ ಒಂದೇ ತೂಕದ್ದಲ್ಲ. ಕೆಲವು ಕಡೆ ಅದೇ ಲಯ, ಅದೇ ಏಟು... ಬೇಜಾರಾಗುತ್ತೆ.

1982ರಲ್ಲಿ ಕುಮಾರ್ ಗೌರವ್‌ನ 'ಸ್ಟಾರ್' ಬಂತು. ಚಿತ್ರ ಮಲಗಿತು, ಆಕೆಯ 'ಬೂಮ್ ಬೂಮ್' ಓಡಿತು! ಮತ್ತೆ 'ಯಂಗ್ ತರಂಗ್', 'ಹಾಟ್‌ಲೈನ್', 1992ರಲ್ಲಿ 'ಕ್ಯಾಮೆರಾ ಕ್ಯಾಮೆರಾ'. ಅಲ್ಲಿಗೆ ಮೈಕು ಕೆಳಗಿಟ್ಟಳು. ಕಾನೂನು ಓದಿದ್ದಳು, ವಿಶ್ವಸಂಸ್ಥೆಯಲ್ಲಿ ಕೆಲಸ ಮಾಡಿದ್ದಳು. ಹಾಡೇ ಬದುಕು ಅಂತ ಎಂದೂ ಅಂಟಿಕೊಂಡವಳಲ್ಲ. 2000ದ ಆಗಸ್ಟ್ 13ರಂದು ಲಂಡನ್ನಿನಲ್ಲಿ ಶ್ವಾಸಕೋಶದ ಕ್ಯಾನ್ಸರಿಗೆ ಬಲಿಯಾದಳು. ವಯಸ್ಸು 35.

2012ರಲ್ಲಿ ಕರಣ್ ಜೋಹರ್ 'ಸ್ಟೂಡೆಂಟ್ ಆಫ್ ದಿ ಇಯರ್'ಗೆ ಅದೇ 'ಡಿಸ್ಕೋ ದೀವಾನೆ'ಯನ್ನು ಎತ್ತಿಕೊಂಡರು. ಹೊಸ ಗಾಯಕರಿದ್ದರೂ ನಾಜಿಯಾಳ ದನಿಯನ್ನು ಬಿಡಲಿಲ್ಲ. ಪರದೆಯ ಮೇಲೆ ಆ ಹಾಡಿಗೆ ಕುಣಿದ ಮೂವರೂ, ಪ್ಲೇಟು ಬಂದ ವರ್ಷ ಇನ್ನೂ ಹುಟ್ಟೇ ಇರಲಿಲ್ಲ!