ಮಲ್ಲೇಶ್ವರದಲ್ಲಿ ಅರ್ಧ ದಿನ: ಗುಡಿ, ನೀರು, ಶಾಸನ, ಪೇಟೆ

ಮದುವೆಗೋ ಆಸ್ಪತ್ರೆಗೋ ಕಚೇರಿ ಕೆಲಸಕ್ಕೋ ಬೆಂಗಳೂರಿಗೆ ಬಂದವರಿಗೆ ಎಷ್ಟೋ ಸಲ ಒಂದು ಬೆಳಗ್ಗೆ ಬಿಡುವಾಗಿರುತ್ತದೆ. ಊರಿಗೆ ಹೋಗುವ ರೈಲು ರಾತ್ರಿಗೆ, ಕೆಲಸ ಹಿಂದಿನ ದಿನವೇ ಮುಗಿದಿದೆ. ಆ ಅರ್ಧ ದಿನದಲ್ಲಿ ನಂಜನಗೂಡಿಗೋ ಮೇಲುಕೋಟೆಗೋ ಹೋಗಿಬರಲು ಆಗುವುದಿಲ್ಲ. ಆದರೆ ಮೆಜೆಸ್ಟಿಕ್‌ನಿಂದ ಮೆಟ್ರೊದಲ್ಲಿ ಒಂದೇ ನಿಲ್ದಾಣ ದಾಟಿದರೆ ಸಿಗುವ ಮಲ್ಲೇಶ್ವರದಲ್ಲಿ, ಆ ದೊಡ್ಡ ಕ್ಷೇತ್ರಗಳಲ್ಲಿ ಇರುವುದೆಲ್ಲ ಚಿಕ್ಕ ಅಳತೆಯಲ್ಲಿ ಇದೆ.

ನಮ್ಮ ನಾಡಿನ ಹಳೆಯ ಕ್ಷೇತ್ರಗಳನ್ನು ಗಮನಿಸಿ ನೋಡಿ. ತುಸು ಎತ್ತರದಲ್ಲಿ ಗುಡಿ, ಅದರ ಹತ್ತಿರ ನೀರು, ಗುಡಿಯನ್ನು ಯಾರು ಹೇಗೆ ನಡೆಸಿಕೊಂಡು ಬಂದರು ಎಂದು ಹೇಳುವ ಕಲ್ಲು, ಗುಡಿಯ ಸುತ್ತ ಬೆಳೆದ ಪೇಟೆ. ನಂಜನಗೂಡಿಗೆ ಹೋದವರು ಕಪಿಲೆಯಲ್ಲಿ ಮಿಂದು ನಂಜುಂಡೇಶ್ವರನ ಮುಂದೆ ನಿಲ್ಲುತ್ತಾರೆ. ಮೇಲುಕೋಟೆಯಲ್ಲಿ ಕಲ್ಯಾಣಿಯ ನೀರು ಮುಟ್ಟಿ ಬೆಟ್ಟ ಹತ್ತುತ್ತಾರೆ. ದರ್ಶನವಾದ ಮೇಲೆ ಊಟ, ಊಟವಾದ ಮೇಲೆ ಪೇಟೆ. ಮಲ್ಲೇಶ್ವರದಲ್ಲಿಯೂ ಈ ನಾಲ್ಕನ್ನು ನೋಡಬೇಕು. ಕೈಮುಗಿದು ಹತ್ತು ನಿಮಿಷದಲ್ಲಿ ಹೊರಟುಬಿಟ್ಟರೆ ಮುಕ್ಕಾಲು ಪಾಲು ಬಿಟ್ಟುಹೋದಂತೆ.

ಗುಡಿ ಮೊದಲು, ಬಡಾವಣೆ ಆಮೇಲೆ

ಮಲ್ಲೇಶ್ವರ ಎಂದೊಡನೆ ಹಲವರಿಗೆ ನೆನಪಾಗುವುದು ನೇರವಾದ ರಸ್ತೆಗಳು, ಅವನ್ನು ಕತ್ತರಿಸುವ ಕ್ರಾಸುಗಳು, ಹಳೆಯ ಮನೆಗಳ ಮುಂದಿನ ಮರಗಳು. ಈ ಬಡಾವಣೆ ರೂಪುಗೊಂಡದ್ದು 1890ರ ದಶಕದಲ್ಲಿ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಗಾಳಿ ಬೆಳಕಿಲ್ಲದ ಇಕ್ಕಟ್ಟಿನ ಪೇಟೆಯ ಓಣಿಗಳಲ್ಲಿ ಜನ ಸಾಯತೊಡಗಿದಾಗ, ಊರ ಹೊರಗಿನ ಬಯಲಿನಲ್ಲಿ ಅಗಲ ರಸ್ತೆಯ ಹೊಸ ಬಡಾವಣೆಗಳು ಬೇಗ ಬೇಗ ತುಂಬಿದವು. ದಕ್ಷಿಣಕ್ಕೆ ಬಸವನಗುಡಿ, ಉತ್ತರಕ್ಕೆ ಮಲ್ಲೇಶ್ವರ. ಎರಡಕ್ಕೂ ಅಲ್ಲಿ ಮೊದಲೇ ಇದ್ದ ದೇವರ ಹೆಸರೇ ಬಂತು.

ಅದಕ್ಕೂ ಮೊದಲು ಇಲ್ಲಿದ್ದದ್ದು ಮಲ್ಲಾಪುರ ಎಂಬ ಹಳ್ಳಿ, ಅದರ ಸುತ್ತ ಗಿಡಮರ ತುಂಬಿದ ಕುರುಚಲು ಕಾಡು, ಆ ಕಾಡಿನ ನಡುವೆ ಮಲ್ಲಿಕಾರ್ಜುನನ ಗುಡಿ. ಜನ ಇಂದಿಗೂ ಆ ದೇವರನ್ನು ಕಾಡು ಮಲ್ಲೇಶ್ವರ ಎಂದೇ ಕರೆಯುತ್ತಾರೆ. 17ನೇ ಶತಮಾನದಲ್ಲಿಯೇ ದಾಖಲೆಯಲ್ಲಿರುವ ಈ ಗುಡಿಯ ಮುಂದೆ ಬಡಾವಣೆ ತೀರಾ ಹೊಸತು.

ಹೋಗುವ ಹೊತ್ತು, ಹೋಗುವ ದಾರಿ

ಬೆಳಗ್ಗೆ ಬೇಗ ಹೋಗುವುದು ಒಳ್ಳೆಯದು. ಉಳಿದ ಗುಡಿಗಳಂತೆ ಇಲ್ಲಿಯೂ ಮಧ್ಯಾಹ್ನ ಬಾಗಿಲು ಹಾಕಿ ಸಂಜೆ ಮತ್ತೆ ತೆಗೆಯುತ್ತಾರೆ. ಸೋಮವಾರ, ಪ್ರದೋಷ, ಕಾರ್ತಿಕ ಮಾಸ, ಶಿವರಾತ್ರಿಗಳಲ್ಲಿ ಜನ ಹೆಚ್ಚು. ನಿಧಾನವಾಗಿ ನೋಡುವ ಆಸೆಯಿದ್ದವರು ಬೇರೆ ವಾರ ಆರಿಸಿಕೊಳ್ಳಲಿ. ಹಬ್ಬದ ಗದ್ದಲವನ್ನೇ ನೋಡಬೇಕೆನ್ನುವವರು ಕಾರ್ತಿಕದಲ್ಲಿ ಬರಲಿ. ಬಸವನಗುಡಿಯ ಕಡಲೆಕಾಯಿ ಪರಿಷೆಯ ಹಾಗೆಯೇ ಈಚಿನ ವರ್ಷಗಳಲ್ಲಿ ಕಾಡು ಮಲ್ಲೇಶ್ವರನ ಬೀದಿಯಲ್ಲಿಯೂ ಪರಿಷೆ ನಡೆಯುತ್ತಿದೆ.

ಮೆಟ್ರೊ ನಿಲ್ದಾಣದ ಹೆಸರು ಮಂತ್ರಿ ಸ್ಕ್ವೇರ್ ಸಂಪಿಗೆ ರಸ್ತೆ. ಅಲ್ಲಿಳಿದು 15ನೇ ಕ್ರಾಸಿಗೆ ಆಟೊ ಹಿಡಿಯಿರಿ. ಗುಡಿಗಳಿರುವುದು ಅಲ್ಲೇ ಹತ್ತಿರ, 2ನೇ ಟೆಂಪಲ್ ಸ್ಟ್ರೀಟಿನಲ್ಲಿ. ದರ್ಶನ ಮುಗಿಸಿ ವಾಪಸು ಬರುವಾಗ ಕಾಲ್ನಡಿಗೆಯಲ್ಲಿ ಪೇಟೆ ನೋಡಿಕೊಂಡು ಮೆಟ್ರೊ ಸೇರಬಹುದು. ವಯಸ್ಸಾದವರು ಜೊತೆಯಲ್ಲಿದ್ದರೆ ಈ ಕ್ರಮ ಅನುಕೂಲ. ಮೆಟ್ಟಿಲು ಹತ್ತಿಳಿಯುವುದು ಬಿಸಿಲೇರುವ ಮೊದಲೇ ಮುಗಿಯುತ್ತದೆ.

ಕಾಡು ಮಲ್ಲೇಶ್ವರ

ಬೀದಿಯಿಂದ ಮೆಟ್ಟಿಲು ಹತ್ತಿ ಗುಡಿಯ ಅಂಗಳಕ್ಕೆ ಬರಬೇಕು. ಹತ್ತುವಾಗಲೇ ವಾಹನದ ಸದ್ದು ಕಡಿಮೆಯಾಗುತ್ತದೆ. ದೊಡ್ಡ ಮರಗಳ ನೆರಳು, ಕಲ್ಲುಹಾಸು, ಮೂಲೆಯಲ್ಲಿ ಅಶ್ವತ್ಥಕಟ್ಟೆ. ಒಳಗೆ ಮಲ್ಲಿಕಾರ್ಜುನ ಲಿಂಗರೂಪದಲ್ಲಿದ್ದಾನೆ. ಹಣ್ಣುಕಾಯಿ ಮಾಡಿಸುವವರು ಬೀದಿಯಲ್ಲೇ ತಟ್ಟೆ ಕೊಳ್ಳಬಹುದು. ಬರಿಗೈಯಲ್ಲಿ ಹೋಗಬಾರದೆನ್ನುವವರಿಗೆ ಒಂದು ಹಿಡಿ ಬಿಲ್ವಪತ್ರೆ ಸಾಕು, ಶಿವನಿಗೆ ಅದಕ್ಕಿಂತ ಹೆಚ್ಚಿನದು ಬೇಕಿಲ್ಲ.

ಹೊಸಬರಿಗೆ ಒಂದು ಮಾತು. ಶಿವಾಲಯದ ಪ್ರದಕ್ಷಿಣೆಗೆ ಅದರದೇ ಕ್ರಮವಿದೆ. ಅಭಿಷೇಕದ ನೀರು ಗರ್ಭಗುಡಿಯಿಂದ ಹೊರಬರುವ ಗೋಮುಖವನ್ನು ಹಿರಿಯರು ದಾಟುವುದಿಲ್ಲ. ಅಲ್ಲಿಯವರೆಗೆ ಹೋಗಿ, ಬಂದ ದಾರಿಯಲ್ಲೇ ಹಿಂದಿರುಗಿ, ಇನ್ನೊಂದು ಬದಿಯಿಂದ ಮತ್ತೆ ಅಲ್ಲಿಗೇ ಬರುತ್ತಾರೆ. ವಿಷ್ಣುವಿನ ಗುಡಿಯಲ್ಲಿ ಹಾಕುವಂತೆ ಪೂರ್ತಿ ಸುತ್ತು ಹಾಕುವುದಿಲ್ಲ. ಸಂದೇಹವಿದ್ದರೆ ಮುಂದೆ ಹೋಗುತ್ತಿರುವ ಅಜ್ಜಿಯ ಹಿಂದೆ ಹೋಗಿ, ತಪ್ಪುವುದಿಲ್ಲ.

ಮಂಗಳಾರತಿ ಆದ ಕೂಡಲೇ ಹೊರಟುಬಿಡಬೇಡಿ. ಅಶ್ವತ್ಥದ ಬುಡದಲ್ಲಿರುವ ನಾಗರಕಲ್ಲುಗಳನ್ನು ಹತ್ತಿರದಿಂದ ನೋಡಿ. ಕೆಲವುಗಳಲ್ಲಿ ಒಂದೇ ಹೆಡೆ, ಕೆಲವುಗಳಲ್ಲಿ ಎರಡು ಸರ್ಪಗಳು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಮಕ್ಕಳಾಗಲಿ ಎಂದು, ಹುಟ್ಟಿದ ಮಗು ಬಾಳಲಿ ಎಂದು ಹರಕೆ ಹೊತ್ತವರು ಇಂಥ ಕಲ್ಲುಗಳನ್ನು ಪ್ರತಿಷ್ಠೆ ಮಾಡಿಸುವುದು ವಾಡಿಕೆ. ಅರಿಸಿನ ಕುಂಕುಮ, ಹಾಲು ಬಿದ್ದು ಬಿದ್ದು ಕಲ್ಲಿನ ಗೆರೆಗಳು ಮಸುಕಾಗಿವೆ. ಒಂದೊಂದು ಕಲ್ಲಿನ ಹಿಂದೆಯೂ ಒಂದು ಮನೆತನದ ಆಸೆಯಿದೆ.

ಓದಬೇಕಾದ ಕಲ್ಲು

ಕಾಡು ಮಲ್ಲೇಶ್ವರನ ಬಗ್ಗೆ ನಮಗೆ ಗಟ್ಟಿಯಾಗಿ ತಿಳಿದಿರುವುದು ಬಹುಪಾಲು ಒಂದು ಶಾಸನದಿಂದ. ಗುಡಿಯ ಬಳಿಯ ಬಂಡೆಯ ಮೇಲಿನ ಈ ಬರಹ 1669ನೇ ಇಸವಿಯದು. ಮಲ್ಲಾಪುರದ ಮಲ್ಲಿಕಾರ್ಜುನ ದೇವರ ಸೇವೆಗೆ ಮೇದರನಿಂಗನಹಳ್ಳಿ ಎಂಬ ಊರನ್ನು ಏಕೋಜಿ ದತ್ತಿ ಬಿಟ್ಟದ್ದನ್ನು ಅದು ಹೇಳುತ್ತದೆ. ಆ ಹಳ್ಳಿ ಇದ್ದದ್ದು ಈಗ ಟಾಟಾ ಇನ್‌ಸ್ಟಿಟ್ಯೂಟ್, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆ ಇರುವ ಕಡೆ ಎಂದು ಗುರುತಿಸುತ್ತಾರೆ.

ಏಕೋಜಿ ಯಾರು? ವೆಂಕೋಜಿ ಎಂದೂ ಹೆಸರಿದ್ದ ಈತ ಶಹಾಜಿಯ ಮಗ, ಛತ್ರಪತಿ ಶಿವಾಜಿಯ ಮಲತಮ್ಮ. 1638ರಲ್ಲಿ ಬಿಜಾಪುರದ ಸೇನೆ ರಣದುಲ್ಲಾ ಖಾನನ ಮುಂದಾಳತ್ವದಲ್ಲಿ ಕೆಂಪೇಗೌಡರ ವಂಶದವರಿಂದ ಬೆಂಗಳೂರನ್ನು ಗೆದ್ದಿತು. ಊರು ಶಹಾಜಿಗೆ ಜಹಗೀರಾಗಿ ಬಂತು. 1664ರಲ್ಲಿ ಶಹಾಜಿ ತೀರಿಕೊಂಡ ಮೇಲೆ ಇಲ್ಲಿಯ ಆಡಳಿತ ಏಕೋಜಿಯ ಕೈಗೆ ಬಂತು. ಮುಂದೆ ಆತ ತಂಜಾವೂರಿಗೆ ಹೋಗಿ ಅಲ್ಲಿ ಮರಾಠಾ ಅರಸುಮನೆತನವನ್ನು ನೆಲೆಗೊಳಿಸಿದ. ಬೆಂಗಳೂರು 1687ರಲ್ಲಿ ಮೊಗಲರ ಕೈಸೇರಿ, ಅವರಿಂದ ಮೈಸೂರಿನ ಚಿಕ್ಕದೇವರಾಜ ಒಡೆಯರಿಗೆ ಬಂತು. ಅರಸರು ಬದಲಾದರು, ಸೇನೆಗಳು ಬಂದು ಹೋದವು. ಒಬ್ಬ ಮರಾಠಾ ಪ್ರಭು ಕಾಡಿನ ನಡುವಿನ ದೇವರಿಗೆ ಬಿಟ್ಟ ದತ್ತಿಯ ಮಾತು ಮಾತ್ರ ಬಂಡೆಯ ಮೇಲೆ ಉಳಿಯಿತು.

ಯಾವ ಕ್ಷೇತ್ರಕ್ಕೆ ಹೋದರೂ ಶಾಸನವಿದೆಯೇ ಎಂದು ಕೇಳುವ ಅಭ್ಯಾಸ ಬೆಳೆಸಿಕೊಳ್ಳಿ. ಅಕ್ಷರ ಕೂಡಿಸಿ ಓದಲು ಬಾರದಿದ್ದರೂ ಅದರ ಕಟ್ಟು ಗೊತ್ತಿದ್ದರೆ ಅರ್ಧ ಓದಿದಂತೆ. ಮೊದಲು ಶುಭನುಡಿ, ಆಮೇಲೆ ಶಕವರ್ಷ ಮತ್ತು ಸಂವತ್ಸರ, ಆಮೇಲೆ ಕೊಟ್ಟವರ ಹೆಸರು, ಕೊಟ್ಟದ್ದೇನು, ಯಾರಿಗೆ, ಯಾವ ಸೇವೆಗೆ. ಎಷ್ಟೋ ಶಾಸನಗಳ ಕೊನೆಯಲ್ಲಿ ದತ್ತಿಗೆ ಕೈಹಾಕಿದವರಿಗೆ ಶಾಪ. ಶಕವರ್ಷಕ್ಕೆ 78 ಕೂಡಿಸಿದರೆ ಇಸವಿ ಸಿಗುತ್ತದೆ. ಶಾಸನತಜ್ಞ ಬಿ.ಎಲ್. ರೈಸ್ ಅವರ ಕಾಲದಿಂದ ಬಂದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ಬೆಂಗಳೂರು ಸುತ್ತಿನ ಇಂಥ ನೂರಾರು ಕಲ್ಲುಗಳ ಪಾಠ ಅಚ್ಚಾಗಿದೆ. ಕಲ್ಲೇ ಒಡೆದುಹೋದ ಎಷ್ಟೋ ಕಡೆ ಆ ಅಚ್ಚಿನ ಪಾಠವೊಂದೇ ಈಗ ಉಳಿದಿದೆ. ಅದಕ್ಕೇ ಕಣ್ಣೆದುರಿಗಿರುವ ಕಲ್ಲಿನ ಮೇಲೆ ಬಣ್ಣ ಬಳಿಯದೆ, ಎಣ್ಣೆ ಸುರಿಯದೆ, ಕಾಯಿ ಒಡೆಯದೆ ಕಾಪಾಡುವುದು ದೊಡ್ಡ ಸೇವೆ.

ನಂದಿಯ ಬಾಯಿಂದ ಬರುವ ನೀರು

ಗುಡಿಯಿಂದಿಳಿದು ಬೀದಿ ದಾಟಿದರೆ ಎದುರಿಗೇ ದಕ್ಷಿಣಮುಖ ನಂದಿ ತೀರ್ಥ. ಕಾಡು ಮಲ್ಲೇಶ್ವರನ ಗುಡಿಗೆ ಮೆಟ್ಟಿಲು ಹತ್ತಬೇಕು, ಇಲ್ಲಿ ಇಳಿಯಬೇಕು. ಬೀದಿಯ ಮಟ್ಟಕ್ಕಿಂತ ತಗ್ಗಿನಲ್ಲಿ ಕಲ್ಲುಕಂಬದ ಮಂಟಪ, ಅದರ ನಡುವೆ ಕಲ್ಯಾಣಿ.

ಶಿವಾಲಯಗಳಲ್ಲಿ ನಂದಿ ಲಿಂಗದ ಎದುರು, ಅದೇ ನೆಲದ ಮೇಲೆ ಕೂತು ಸ್ವಾಮಿಯನ್ನು ನೋಡುತ್ತಿರುತ್ತದೆ. ಇಲ್ಲಿ ಹಾಗಿಲ್ಲ. ನಂದಿ ಮೇಲಿನ ಹಂತದಲ್ಲಿ ದಕ್ಷಿಣಕ್ಕೆ ಮುಖಮಾಡಿ ಕೂತಿದೆ. ಅದರ ಬಾಯಿಂದ ಸಣ್ಣ ಧಾರೆಯಾಗಿ ನೀರು ಹೊರಟು ಕೆಳಗಿನ ಶಿವಲಿಂಗದ ನೆತ್ತಿಯ ಮೇಲೆ ಬೀಳುತ್ತದೆ, ಅಲ್ಲಿಂದ ಹರಿದು ಕಲ್ಯಾಣಿ ಸೇರುತ್ತದೆ. ಅರ್ಚಕರು ಬಂದರೂ ಬಾರದಿದ್ದರೂ ಅಭಿಷೇಕ ನಡೆಯುತ್ತಲೇ ಇರುತ್ತದೆ. ಕಲ್ಯಾಣಿಯ ಮೆಟ್ಟಿಲ ಮೇಲೆ ಕೂತು ಆ ಧಾರೆಯನ್ನು ಸ್ವಲ್ಪ ಹೊತ್ತು ನೋಡಿ. ನೀರಿನಲ್ಲಿ ಮೀನು, ಆಮೆಗಳು ಓಡಾಡುತ್ತಿರುತ್ತವೆ.

ಈ ಜಾಗ ಬಹಳ ಕಾಲ ಮಣ್ಣಿನಡಿ ಮುಚ್ಚಿಹೋಗಿತ್ತು. 1997ರಲ್ಲಿ ನೆಲ ಅಗೆದಾಗ ಒಳಗಿನ ಮಂಟಪ, ನಂದಿ, ಕಲ್ಯಾಣಿ ಎಲ್ಲ ಹೊರಬಂದವು. ಮನೆಗಳು ಕಿಕ್ಕಿರಿದ ಬಡಾವಣೆಯ ನಡುವೆ ಒಂದು ಇಡೀ ತೀರ್ಥ ಮರೆತುಹೋಗಿತ್ತು ಎಂಬುದು ಇಂದಿಗೂ ನೋಡಿದವರನ್ನು ಬೆರಗುಗೊಳಿಸುತ್ತದೆ.

ನೀರು ಎಲ್ಲಿಂದ ಬರುತ್ತದೆ ಎಂದು ಮಕ್ಕಳು ಕೇಳಿದರೆ ನೆಲದ ಪಾಠ ಹೇಳಿಕೊಡಬಹುದು. ಬೆಂಗಳೂರಿನ ಅಡಿಪಾಯ ಗಟ್ಟಿ ಶಿಲೆ. ಅದರ ಮೇಲೆ ಶಿಥಿಲಗೊಂಡ ಕಲ್ಲು ಮತ್ತು ಮಣ್ಣಿನ ಪದರ. ಬಿದ್ದ ಮಳೆ ಈ ಪದರದಲ್ಲಿ ಇಂಗಿ, ಕೆಳಗಿನ ಬಂಡೆಯ ಬಿರುಕುಗಳಲ್ಲಿ ನಿಧಾನವಾಗಿ ಸಾಗಿ, ಇಳಿಜಾರಿನ ತಗ್ಗಿನಲ್ಲಿ ಒರತೆಯಾಗಿ ಹೊರಬರುತ್ತದೆ. ಇಂಥ ಒರತೆಗಳ ಬಾಯಲ್ಲಿಯೇ ನಮ್ಮ ಹಿರಿಯರು ನಂದಿಯನ್ನೋ ಗಂಗೆಯನ್ನೋ ನಿಲ್ಲಿಸಿ, ನೀರಿಗೆ ಕಾಲಿಡುವ ಮುನ್ನ ಕೈಮುಗಿಯುವಂತೆ ಮಾಡಿದರು. ವೃಷಭಾವತಿ ನದಿಯ ಒಂದು ಕವಲು ಕಾಡು ಮಲ್ಲೇಶ್ವರನ ಬಳಿ ಹುಟ್ಟುತ್ತದೆ ಎನ್ನುವ ಮಾತಿದೆ, ಇನ್ನೊಂದು ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ. ಎರಡು ಕಡೆಯೂ ವೃಷಭನೇ ನೀರಿನ ಕಾವಲು. ಅದೇ ವೃಷಭಾವತಿ ಊರು ದಾಟಿ ಅರ್ಕಾವತಿಯನ್ನು ಸೇರುವ ಹೊತ್ತಿಗೆ ಕೊಳಚೆಯ ಕಾಲುವೆಯಾಗಿದೆ. ಹುಟ್ಟಿನಲ್ಲಿ ತೀರ್ಥವೆಂದು ತಲೆಗೆ ಪ್ರೋಕ್ಷಿಸಿಕೊಂಡ ನೀರನ್ನು ಕೆಲವೇ ಮೈಲಿ ಆಚೆ ಮೂಗು ಮುಚ್ಚಿಕೊಂಡು ದಾಟುವಂತೆ ಮಾಡಿದವರು ನಾವೇ.

ಗಂಗಮ್ಮ, ನರಸಿಂಹ

ನಂದಿ ತೀರ್ಥದ ಪಕ್ಕದಲ್ಲಿಯೇ ಗಂಗಮ್ಮನ ಗುಡಿ. ಬೆಂಗಳೂರು ಸುತ್ತಿನ ಹಳ್ಳಿಗಳಲ್ಲಿ ಬಾವಿ ಕೆರೆಗಳ ದಡದಲ್ಲಿ ಹೆಂಗಸರು ಗಂಗೆಪೂಜೆ ಮಾಡುವ ಆ ತಾಯಿಯೇ ಇಲ್ಲಿ ಬಡಾವಣೆಯ ನಡುವೆ ನೆಲೆಸಿದ್ದಾಳೆ. ಜಾತ್ರೆಯ ದಿನಗಳಲ್ಲಿ ಈ ಬೀದಿ ಹಳ್ಳಿಯ ಬೀದಿಯೇ ಆಗಿಬಿಡುತ್ತದೆ. ಅಲ್ಲೇ ಲಕ್ಷ್ಮೀನರಸಿಂಹನ ಗುಡಿಯೂ ಇದೆ. ಶಿವ, ಗಂಗೆ, ವಿಷ್ಣು ಮೂವರನ್ನೂ ಕೂಗಳತೆಯಲ್ಲಿ ನೋಡಿ ಬರಬಹುದು. ನಂದಿ ತೀರ್ಥವೂ ಸೇರಿ ನಾಲ್ಕೂ ಗುಡಿಗಳಿಗೆ ನಿಧಾನವಾಗಿ ಎರಡು ಗಂಟೆ ಇಟ್ಟುಕೊಳ್ಳಿ.

ಹೊಟ್ಟೆಗೆ, ಮನೆಗೆ

ದರ್ಶನವಾದ ಮೇಲೆ ತಿಂಡಿ. 15ನೇ ಕ್ರಾಸಿನಲ್ಲಿ 1977ರಿಂದ ಇರುವ ವೀಣಾ ಸ್ಟೋರ್ಸ್ ಇಡ್ಲಿಗೆ ಹೆಸರುವಾಸಿ. ಕೂರಲು ಜಾಗ ಹುಡುಕಬೇಡಿ, ತಟ್ಟೆ ಹಿಡಿದು ಫುಟ್‌ಪಾತಿನಲ್ಲಿ ನಿಂತೇ ತಿನ್ನುವುದು ಅಲ್ಲಿನ ರೂಢಿ. ಮಾರ್ಗೋಸಾ ರಸ್ತೆಯಲ್ಲಿ 7ನೇ ಕ್ರಾಸಿನ ಹತ್ತಿರ ಸಿ.ಟಿ.ಆರ್. ಇದೆ. 1920ರ ದಶಕದ ಸೆಂಟ್ರಲ್ ಟಿಫಿನ್ ರೂಮ್ ಅದು, ಈಗಿನ ಬೋರ್ಡಿನಲ್ಲಿ ಶ್ರೀ ಸಾಗರ್. ಹೊರಗೆ ಗರಿಗರಿ, ಒಳಗೆ ಮೆತ್ತಗೆ ಇರುವ ಬೆಣ್ಣೆ ಮಸಾಲೆ ದೋಸೆಗೆ ಕಾಯುವವರ ಗುಂಪು ರಸ್ತೆಯವರೆಗೂ ಇರುತ್ತದೆ. ಭಾನುವಾರ ಹೋದರೆ ಅರ್ಧ ಗಂಟೆ ಹೆಚ್ಚಿಗೆ ಇಟ್ಟುಕೊಳ್ಳಿ.

ಆಮೇಲೆ 8ನೇ ಕ್ರಾಸ್. ಹಬ್ಬದ ಹಿಂದಿನ ದಿನ ಇಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಗೌರಿಗೆ ಬಾಗಿನದ ಮೊರ, ಗಣಪನಿಗೆ ಗರಿಕೆ, ಯುಗಾದಿಗೆ ಮಾವಿನೆಲೆ ಬೇವಿನ ಹೂ, ಸಂಕ್ರಾಂತಿಗೆ ಕಬ್ಬು ಸಕ್ಕರೆಅಚ್ಚು, ದಸರೆಗೆ ಬೊಂಬೆ. ಯಾವ ಹಬ್ಬ ಹತ್ತಿರ ಬಂತೆಂದು ಪಂಚಾಂಗ ನೋಡದೆಯೇ ಈ ರಸ್ತೆ ಹೇಳುತ್ತದೆ. ಹೂವಿನವರು ಮಲ್ಲಿಗೆಯನ್ನು ಮೊಳದಲ್ಲಿ, ಸೇವಂತಿಗೆಯನ್ನು ಮಾರಿನಲ್ಲಿ ಅಳೆಯುತ್ತಾರೆ. ಮೊಳವೆಂದರೆ ಮೊಣಕೈಯಿಂದ ಬೆರಳ ತುದಿ, ಮಾರು ಎಂದರೆ ಚಾಚಿದ ಎರಡೂ ತೋಳುಗಳ ಉದ್ದ. ಊರಿಗೆ ಒಯ್ಯುವುದಾದರೆ ಬಿಡಿ ಹೂವಿಗಿಂತ ಬಾಳೆನಾರಿನಲ್ಲಿ ಕಟ್ಟಿದ್ದನ್ನೇ ಕೊಳ್ಳಿ, ಒದ್ದೆ ಬಾಳೆಯೆಲೆಯಲ್ಲಿ ಸುತ್ತಿಸಿಕೊಳ್ಳಿ.

ಇನ್ನೂ ಹೊತ್ತಿದ್ದರೆ 18ನೇ ಕ್ರಾಸಿನ ಆಚೆ ಸ್ಯಾಂಕಿ ಕೆರೆ. 1882ರಲ್ಲಿ ಕರ್ನಲ್ ರಿಚರ್ಡ್ ಸ್ಯಾಂಕಿ ಕಟ್ಟಿಸಿದ್ದು, ದಡದ ಸುತ್ತ ನಡೆಯಲು ದಾರಿಯಿದೆ. ಸಂಗೀತ ಪ್ರಿಯರಿಗೆ ಹತ್ತಿರದಲ್ಲೇ ಪಿಟೀಲಿನ ಆಕಾರದ ಚೌಡಯ್ಯ ಸ್ಮಾರಕ ಭವನ.

ಹೋಗುವ ಮುನ್ನ

ಅರ್ಧ ದಿನ ಮಾತ್ರ ಇರುವವರು ಇಷ್ಟು ನೆನಪಿಡಿ. ದರ್ಶನಕ್ಕೆ ಆತುರ ಬೇಡ, ಒಂದು ಗುಡಿ ಕಡಿಮೆಯಾದರೂ ಚಿಂತೆಯಿಲ್ಲ. ಶಾಸನದ ಕಲ್ಲನ್ನು ಕೇಳಿ ತಿಳಿದು ನೋಡಿ, ಮುಟ್ಟಿ ಉಜ್ಜಬೇಡಿ. ಗರ್ಭಗುಡಿಯಲ್ಲಿ ಮೊಬೈಲು ತೆಗೆಯಬೇಡಿ. ಕಲ್ಯಾಣಿಗೆ ಹೂವು, ಕಾಸು, ಕರ್ಪೂರ, ಪ್ಲಾಸ್ಟಿಕ್ ಚೀಲ ಯಾವುದನ್ನೂ ಹಾಕಬೇಡಿ. ಮೀನು ಆಮೆಗಳಿಗೆ ಪುರಿ, ಬಿಸ್ಕತ್ತು ಎಸೆಯಬೇಡಿ, ಅದರಿಂದ ನೀರು ಕೆಡುತ್ತದೆ. ನಿಮ್ಮ ಊರಿನ ಗುಡಿಯ ಹಿಂದೆಯೂ ಇಂಥದೇ ಒಂದು ಕೊಳ ಹೂಳು ತುಂಬಿ ಬಿದ್ದಿರಬಹುದು, ಅಂಗಳದಲ್ಲಿ ಬಟ್ಟೆ ಒಗೆಯುವ ಕಲ್ಲಾಗಿ ಒಂದು ಶಾಸನ ಮಲಗಿರಬಹುದು. ಮಲ್ಲೇಶ್ವರ ನೋಡಿ ಹೋದವರು ತಮ್ಮೂರಲ್ಲಿ ಅವೆರಡನ್ನು ಹುಡುಕಿ, ಊರ ಹಿರಿಯರನ್ನು ಸೇರಿಸಿ, ಹೂಳೆತ್ತಿಸಿ, ಕಲ್ಲನ್ನು ನೆಟ್ಟಗೆ ನಿಲ್ಲಿಸಲಿ. ಕ್ಷೇತ್ರಯಾತ್ರೆಯ ಫಲ ಅದೇ.